ಕಾಲುವೆ ಅಗೆದವರ ಎಂಬತ್ತನಾಲ್ಕು ಜೊತೆ ಬಟ್ಟೆ

ಬೆಳಗಿನ 5.20. ರಾಯಚೂರಿನ ಕೋಟೆಯೊಳಗಿನ ಬಡಾವಣೆ ಅಂದ್ರೂನ್ ಕಿಲ್ಲಾದ ಓಣಿಯೊಂದರಲ್ಲಿ ಇಮಾಮ್ ಬೀ ಹಳೆ ಬಟ್ಟೆಯ ಗಂಟು ಬಿಚ್ಚುತ್ತಿದ್ದಾರೆ. ಅಂಗಿ, ಧೋತರ, ಸೀರೆಗಳನ್ನು ಒಂದೊಂದಾಗಿ ಕೊಡವಿ, ಹುಳ ಹಿಡಿದಿದೆಯೇ ನೋಡಿ, ಒಣಗಿದ ಬೇವಿನ ಎಲೆ ತೆಗೆದು ಹೊಸದು ಹಾಕಿ ಮತ್ತೆ ಮಡಚುತ್ತಾರೆ. ಊರಿಗೊಂದರಂತೆ ಆರು ಗಂಟು, 84 ಜೊತೆ. ಎಲ್ಲವೂ ಒಂದು ಸಿನಿಮಾಕ್ಕೆಂದು ಕೂಡಿಸಿದವು. ಆ ಸಿನಿಮಾ ನಿಂತು ಹದಿನಾಲ್ಕು ತಿಂಗಳಾಗಿದೆ.

ಇಮಾಮ್ ಬೀಗೆ ಈಗ 58. ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತು ದೇವದುರ್ಗ, ಮಾನ್ವಿ ಕಡೆಯ ಹಳ್ಳಿ ಸುತ್ತಲು ಶುರು ಮಾಡಿ 31 ವರ್ಷ. ಹಳೆ ಬಟ್ಟೆ ಕೊಟ್ಟವರಿಗೆ ಪಾತ್ರೆ. ಉಡಲು ಬರುವಂಥವು ಸಂತೆಗೆ ಹೋಗುತ್ತವೆ. ಹರಿದವು ಚಿಂದಿ ವ್ಯಾಪಾರಿ ವಿರೂಪಣ್ಣನ ಗೋದಾಮಿಗೆ. ಅಲ್ಲಿಂದ ಗ್ಯಾರೇಜು, ಅಕ್ಕಿ ಗಿರಣಿಗಳಿಗೆ ಯಂತ್ರ ಒರೆಸಲು. ಈ ವ್ಯಾಪಾರಕ್ಕೆ ಒಂದೇ ನಿಯಮ: ಪಾತ್ರೆ ಮನೆಯೊಳಗೆ ಹೋದ ಮೇಲೆ ಬಟ್ಟೆ ವಾಪಸ್ ಇಲ್ಲ.

ಹನ್ನೊಂದು ವರ್ಷದ ಹಿಂದೆ ನೀರಮಾನ್ವಿಯಲ್ಲಿ ಚಿತ್ರೀಕರಣಕ್ಕೆ ಬಂದ ತಂಡವೊಂದು ಅವರ ಬುಟ್ಟಿ ನೋಡಿ ಇಪ್ಪತ್ತು ಜೊತೆ ಹಳೆ ಬಟ್ಟೆ ಕೇಳಿತು. “ಸಿನಿಮಾದವ್ರು ದೊಡ್ಡ ಮಂದಿ ಅಂತ ಎಲ್ಲಾ ತೊಳದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಒಯ್ದೆ. ಅವ್ರು ತಲಿ ಮ್ಯಾಲ ಕೈ ಇಟ್ಕೊಂಡು ಕುಂತ್ರು ನೋಡ್ರಿ,” ಎಂದು ನಗುತ್ತಾರೆ. ಆಮೇಲೆ ಆರು ಸಿನಿಮಾಕ್ಕೆ ಬಟ್ಟೆ ಕೊಟ್ಟಿದ್ದಾರೆ. ಆರೂ ಸರ್ಕಾರದ ಸಹಾಯಧನ ನಂಬಿ ತೆಗೆದ ಸಣ್ಣ ಚಿತ್ರಗಳು. ಹೊರಗಿನ ಚಿತ್ರೋತ್ಸವಗಳಿಗೆ ಹೋದವು. ರಾಯಚೂರಿನ ಟಾಕೀಸಿಗೆ ಒಂದೂ ಬರಲಿಲ್ಲ.

ಇಮಾಮ್ ಬೀ ಕಣ್ಣಿಗೆ ಮೊದಲು ಬೀಳುವುದು ಸವೆತ. ಒಂದು ಅಂಗಿಯ ಎಡ ಹೆಗಲು ಬೆಳಕಿಗೆ ಹಿಡಿದು ತೋರಿಸುತ್ತಾರೆ. ನೂಲು ಜಾಳಾಗಿದೆ. “ಇಂವ ಮಣ್ಣಿನ ಬುಟ್ಟಿ ಹೊತ್ತಾಂವ. ಬಣ್ಣ ಹಚ್ಚಿ ಹಳೇದು ಮಾಡಿದ್ರ ಎಲ್ಲಾ ಕಡಿ ಒಂದೇ ಥರ ಹಳೇದಾಗ್ತದ. ಖರೇ ಬಟ್ಟಿ ಹಂಗ ಸವಿಯಂಗಿಲ್ಲ.”

ಆ ಅಂಗಿ ಅರಕೇರಾದ ಜಂಬಣ್ಣನದು. ನಿಂತುಹೋದ ಸಿನಿಮಾ ಕಾಲುವೆ ಅಗೆದ ಕೂಲಿಗಳ ಕಥೆ. ಜಂಬಣ್ಣ ಹರೆಯದಲ್ಲಿ ಆ ಕೆಲಸ ಮಾಡಿದವರು; ಆಗ ಮೈಮೇಲಿದ್ದ ಅಂಗಿಯನ್ನು ಅಷ್ಟು ವರ್ಷ ಟ್ರಂಕಿನಲ್ಲಿ ಇಟ್ಟಿದ್ದರು. “ನಿನ್ ಅಂಗಿ ಪರದೆ ಮ್ಯಾಲ ಬರ್ತದ” ಎಂದು ಇಮಾಮ್ ಬೀ ಮಾತು ಕೊಟ್ಟ ಮೇಲೆಯೇ ಕೊಟ್ಟದ್ದು. ಬದಲಿಗೆ ಒಂದು ಸ್ಟೀಲ್ ಕೊಡ.

ನಿರ್ದೇಶಕ ಮರಿಸ್ವಾಮಿ ಫೋನಿನಲ್ಲಿ ಹೇಳುವುದಿಷ್ಟು: “ಸಹಾಯಧನ ಸಿಗುವ ಚಿತ್ರಗಳ ಸಂಖ್ಯೆ ಕಡಿತವಾಯಿತು. ನಮ್ಮದು ಕೈಬಿಟ್ಟವುಗಳ ಪಟ್ಟಿಯಲ್ಲಿದೆ. ಇಂಥ ಚಿತ್ರಕ್ಕೆ ಬೇರೆ ಯಾರೂ ಹಣ ಹಾಕುವುದಿಲ್ಲ. ಇಮಾಮ್ ಬೀ ಅವರಿಗೆ ಕಾಯಿರಿ ಅನ್ನಲು ನನಗೆ ಬಾಯಿಲ್ಲ.”

ಕಾಯಲು ಜಾಗವೂ ಇಲ್ಲ. ಮನೆಯಲ್ಲಿರುವುದು ಎರಡು ಕೋಣೆ. ಮಗಳು ತಮನ್ನಾ ಚೊಚ್ಚಲ ಬಾಣಂತನಕ್ಕೆ ಬರುತ್ತಿದ್ದಾಳೆ. ಗಂಟುಗಳು ಗುರುವಾರದೊಳಗೆ ಮನೆಯಿಂದ ಹೋಗಬೇಕು. ಆರೂವರೆಗೆ ವಿರೂಪಣ್ಣ ಬಾಗಿಲಲ್ಲಿ ನಿಂತು ಗಂಟು ಎಣಿಸುತ್ತಾರೆ.

“ಏನ್ ಬೀ, ನಿನ್ ಹೀರೋಗಳು ಇನ್ನೂ ಮಲಗ್ಯಾರೇನು?”

“ನಿನ್ ಗೋದಾಮಿನಾಗ ಎಣ್ಣಿ ಒರಸಾಕ ಎಬ್ಬಸ್ಬೇಕಲ್ಲ. ಮಲಗ್ಲಿ ಬಿಡು.”

“ಗುರುವಾರ ಟೆಂಪೊ ಕಳಸ್ತೀನಿ.”

“ಕಳಸು,” ಎನ್ನುತ್ತಾರೆ ಇಮಾಮ್ ಬೀ. ವಿರೂಪಣ್ಣ ಹೋದ ಮೇಲೆ ಜಂಬಣ್ಣನ ಅಂಗಿಯನ್ನು ಚೀಲಕ್ಕೆ ಹಾಕಿಕೊಂಡು ದೇವದುರ್ಗದ ಬಸ್ಸು ಹಿಡಿಯುತ್ತಾರೆ. 31 ವರ್ಷದಲ್ಲಿ ಒಮ್ಮೆಯೂ ಬಟ್ಟೆ ವಾಪಸ್ ಕೊಟ್ಟವರಲ್ಲ. “ಉಳಿದವ್ರು ಪಾತ್ರಿಗಂತ ಕೊಟ್ರು. ಇಂವ ನನ್ ಮಾತಿಗೆ ಕೊಟ್ಟಾನ.”

ಅರಕೇರಾದಲ್ಲಿ ಜಂಬಣ್ಣ ಕಟ್ಟೆಯಿಂದಲೇ ಕೂಗುತ್ತಾರೆ: “ಬಾ ಬೀ, ಸಿನಿಮಾ ಬಂತೇನು? ನನಗ ಟಿಕೇಟು ಪುಕ್ಕಟೆನೋ ಹೆಂಗ?”

“ಸಿನಿಮಾ ಆಗಂಗಿಲ್ಲ ಜಂಬಣ್ಣಾ. ಸರ್ಕಾರದವ್ರು ರೊಕ್ಕ ಕಡಿಮಿ ಮಾಡ್ಯಾರಂತ. ತಗೋ, ನಿನ್ ಅಂಗಿ.”

ಜಂಬಣ್ಣ ಕೈ ಚಾಚುವುದಿಲ್ಲ. ಒಳಗೆ ಹೋಗಿ ಕೊಡ ತಂದು ಮುಂದಿಡುತ್ತಾರೆ. “ಅಂಗಿ ತಗೊಂಡ್ರ ಇದನ್ನ ಕೊಡಬೇಕಾಗ್ತದ. ಎರಡು ವರ್ಷ ಇದ್ರಾಗಿನ ನೀರು ಕುಡಿದೀವಿ. ಅದನ್ನ ಹೆಂಗ ವಾಪಸ್ ಕೊಡ್ಲಿ?”

“ಕೊಡ ನಿನಗ ಇರ್ಲೋ ಯಪ್ಪಾ.”

“ಹಂಗಿದ್ರ ಅಂಗಿ ನಿನ್ ಹತ್ರ ಇರ್ಲಿ. ನಾವು ಅಗದ ಎಷ್ಟೋ ವರ್ಷಕ್ಕ ಕಾಲುವಿಗೆ ನೀರು ಬಂತು. ಬಂತಿಲ್ಲ?”

“ನಿಮ್ಮ ಹೊಲಕ್ಕ ಎಲ್ಲಿ ಬಂತು?”

“ನನ್ ಹೊಲಕ್ಕ ಇಲ್ಲ. ಕಾಲುವಿಗೆ ಬಂತಲ್ಲ!”

ಇಬ್ಬರೂ ನಗುತ್ತಾರೆ. ಜಂಬಣ್ಣ ಅಂಗಿಯನ್ನು ಬಿಚ್ಚಿ, ಹೆಗಲ ಸವೆತದ ಮೇಲೆ ಹೆಬ್ಬೆರಳಾಡಿಸಿ, ತಾವೇ ಮಡಚಿ ಚೀಲಕ್ಕೆ ಹಾಕುತ್ತಾರೆ.

ವಾಪಸ್ ಬರುವ ಬಸ್ಸಿನಲ್ಲಿ ಇಮಾಮ್ ಬೀ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಾರೆ. ದೇವದುರ್ಗ ದಾಟಿದ ಮೇಲೆ ಒಂದು ಆಸೆ ಹೇಳುತ್ತಾರೆ: “ಒಂದ್ ಸಲ ಜಂಬಣ್ಣನ್ನ ಟಾಕೀಸಿನಾಗ ಕೂಡಸಿ, ಅದೋ ನೋಡು ನಿನ್ ಅಂಗಿ ಅನ್ನಬೇಕ್ರಿ. ಸಾಕು.”

ಗುರುವಾರ ಮಧ್ಯಾಹ್ನ ವಿರೂಪಣ್ಣನ ಟೆಂಪೊ ಬಂತು. ಐದು ಗಂಟು ಒಯ್ದಿತು. ಜಂಬಣ್ಣನ ಅಂಗಿಯಿರುವ ಅರಕೇರಾದ ಗಂಟು ತಮನ್ನಾಳ ಮಂಚದ ಕೆಳಗಿದೆ.