ಮಣ್ಣು ಚೆನ್ನಾಗಿದೆ ಅಂದವಳು ನಾನು

ಎಂಟನೇ ತಿಂಗಳಲ್ಲಿ ಪವಿತ್ರಳಿಗೆ ಮತ್ತೆ ವಾಕರಿಕೆ ಶುರುವಾಯಿತು. ಅವಳು ನನ್ನ ಗಂಡನ ತಂಗಿ. ಚೊಚ್ಚಲ ಹೆರಿಗೆಗೆಂದು ಸೋಲದೇವನಹಳ್ಳಿ ದಾಟಿದ ಮೇಲೆ ಸಿಗುವ ನಮ್ಮ ತೋಟದ ಮನೆಗೆ ಬಂದಿದ್ದಳು. ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದಳು. ಒಂದು ಬೆಳಿಗ್ಗೆ ಬಚ್ಚಲಿನಿಂದ ಬಂದು ನನ್ನ ಕಿವಿಯಲ್ಲಿ, "ಅತ್ಗೆ, ಒಂದಕ್ಕೆ ಹೋದ್ರೆ ಅರಿಶಿನ ಕದಡಿದಂಗೆ ಬರ್ತಿದೆ" ಅಂದಳು.

"ನೀರೇ ಕುಡಿಯಲ್ಲ ನೀನು, ಅದಕ್ಕೇ" ಎಂದು ಒಂದು ಚೊಂಬು ಬೋರ್‌ವೆಲ್ ನೀರು ತಂದುಕೊಟ್ಟೆ. ಎದುರಿಗೆ ನಿಂತು ಪೂರ್ತಿ ಕುಡಿಸಿದೆ.

ಆ ಚೊಂಬನ್ನು ಆಮೇಲೆ ಅಟ್ಟಕ್ಕೆ ಹಾಕಿಬಿಟ್ಟೆ.

ಕಣ್ಣು ಹಳದಿಯಾದ ದಿನ ಹೆಬ್ಬಾಳದ ಹತ್ತಿರದ ಆಸ್ಪತ್ರೆಗೆ ಓಡಿದೆವು. ರಕ್ತದಲ್ಲಿ ಕಾಮಾಲೆ ತೋರಿಸುವ ಬಿಲಿರುಬಿನ್ ಏರಿತ್ತು. ರಕ್ತ ಹೆಪ್ಪುಗಟ್ಟುವುದು ನಿಧಾನವಾಗಿತ್ತು. ಹೆಪಟೈಟಿಸ್ ಇ ಎಂದರು ಡಾಕ್ಟರ್. "ಬೇರೆಯವರಿಗಾದ್ರೆ ಸಾಮಾನ್ಯವಾಗಿ ತಾನಾಗೇ ವಾಸಿಯಾಗುತ್ತೆ. ಬಸುರಿಯರಿಗೆ ಇದು ಕೆಟ್ಟದ್ದು, ಲಿವರ್ ಫೇಲ್ ಆಗ್ಬಹುದು. ಮಲ ಸೇರಿದ ನೀರಿಂದ ಬರುತ್ತೆ. ಮನೇಲಿ ಕುಡಿಯೋ ನೀರು ಎಲ್ಲಿಂದ?"

"ನಮ್ದೇ ಬೋರು" ಎಂದರು ಅತ್ತೆ, ಹೆಮ್ಮೆಯಿಂದಲೇ.

ನಾನು ತಲೆ ಎತ್ತಲಿಲ್ಲ.

ನಾನು ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಸೊಸೆ ಓದಿದವಳು ಎಂಬ ಮಾತನ್ನು ನಮ್ಮ ಮನೆಯಲ್ಲಿ ಉಪ್ಪಿನಕಾಯಿಯ ಹಾಗೆ ಪ್ರತಿ ಊಟಕ್ಕೂ ಬಡಿಸುತ್ತಿದ್ದರು. ನನಗೂ ಅದು ರುಚಿಸುತ್ತಿತ್ತು. ಯಲಹಂಕದ ಕಡೆಯ ಅಪಾರ್ಟ್‌ಮೆಂಟುಗಳ ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಟ್ಯಾಂಕರ್‌ಗಳು ನಮ್ಮ ಸುತ್ತಿನ ತೋಟಗಳ ಗುಂಡಿಗಳಿಗೆ ಆ ಮಲದ ಕೆಸರು ಸುರಿದು ಹೋಗುವುದು ಮಾಮೂಲು. ಒಣಗಿದ ಮೇಲೆ ಅದೇ ಬಾಳೆಗೆ ಗೊಬ್ಬರ. ಮಾವ ಮಾತ್ರ ಬಹಳ ಕಾಲ ಒಪ್ಪಿರಲಿಲ್ಲ. ಕೊನೆಗೆ ಪಕ್ಕದವರ ಬಾಳೆಗೊನೆ ನೋಡಿ ಆಸೆಯಾಗಿ ನನ್ನನ್ನೇ ಕೇಳಿದರು. "ಏನಮ್ಮ, ನಮ್ ತೋಟಕ್ಕೂ ಆಕ್ಸನಾ? ಏನೂ ಆಗಾಕಿಲ್ವಾ?"

ಪಕ್ಕದ ತೋಟದ ಮಣ್ಣು ತಂದು ಪರೀಕ್ಷಿಸಿದೆ. ಸಾರಜನಕ, ರಂಜಕ, ಸಾವಯವ ಇಂಗಾಲ, ಎಲ್ಲವೂ ಸೊಗಸಾಗಿದ್ದವು. "ಮಣ್ಣು ಚೆನ್ನಾಗಿದೆ ಮಾವ, ಹಾಕ್ಸಿ" ಅಂದೆ. ಮಣ್ಣು ನಿಜಕ್ಕೂ ಚೆನ್ನಾಗಿತ್ತು. ನೀರಿನ ಯೋಚನೆ ನನಗೆ ಬರಲೇ ಇಲ್ಲ. ಗುಂಡಿ ತೋಡಿದ್ದು ಬೋರ್‌ವೆಲ್ಲಿಗಿಂತ ಮೇಲೆ, ಇಳಿಜಾರಿನಲ್ಲಿ. ಟ್ಯಾಂಕರ್ ತಿರುಗಿಸಲು ಜಾಗವಿದ್ದದ್ದು ಅಲ್ಲೇ. ಆ ಸಲ ಜೋರು ಮಳೆಗೆ ಗುಂಡಿ ತುಂಬಿ ಹರಿದಾಗಲೂ, ಗೊಬ್ಬರ ತಾನಾಗಿಯೇ ತೋಟಕ್ಕೆ ನಡೆದು ಹೋಯಿತು ಎಂದು ನಗಾಡಿದ್ದೆವು.

ಆಸ್ಪತ್ರೆಯಲ್ಲಿ ಪವಿತ್ರಳಿಗೆ ಅವಧಿಗೆ ಮುಂಚೆಯೇ ನೋವು ಬಂತು. ಹೆಣ್ಣು ಮಗು. ಅಂಗೈಗಿಂತ ಸ್ವಲ್ಪ ದೊಡ್ಡದು ಅನ್ನಿಸುವಷ್ಟು. ಮಗು ಎನ್‌ಐಸಿಯುಗೆ, ತಾಯಿ ಐಸಿಯುಗೆ.

ಮಾರನೇ ದಿನ ಕಾಯಿಲೆ ಮಿದುಳಿಗೂ ಏರಿ, ಪವಿತ್ರ ತನ್ನ ಗಂಡನನ್ನೇ ಗುರುತು ಹಿಡಿಯಲಿಲ್ಲ.

ಎರಡು ವಾರ್ಡುಗಳ ನಡುವೆ ಓಡಾಡುವುದೇ ನನ್ನ ದಿನಚರಿಯಾಯಿತು. ನಿಧಾನವಾಗಿ ರಕ್ತದ ವರದಿ ಸುಧಾರಿಸಿತು, ಪವಿತ್ರ ಹೆಸರು ಹಿಡಿದು ಕರೆಯತೊಡಗಿದಳು. ಅವಳಿಗೆ ಪ್ರಜ್ಞೆ ಬಂದದ್ದೇ ತಡ, ಅತ್ತೆ ಶುರು ಮಾಡಿದರು. "ಬ್ಯಾಡ ಅಂದ್ರೂ ಕೇಳ್ದೆ ಯಲಹಂಕದಾಗೆ ಪಾನಿಪೂರಿ ತಿಂದ್ಯಲ್ಲೇ. ನಾಲ್ಗೆ ಚಪಲ." ಪವಿತ್ರ ಗೋಡೆ ನೋಡುತ್ತ ಕಣ್ಣೀರು ಹಾಕಿದಳು. ಪಕ್ಕದಲ್ಲಿ ನಾನು ಅವಳ ತಲೆ ಬಾಚುತ್ತಿದ್ದೆ. ಪಾನಿಪೂರಿಯೇ ಆಗಿರಲಪ್ಪಾ ಎಂದು ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ. ಎಂಥ ಪ್ರಾರ್ಥನೆ!

ಬೋರ್ ನೀರನ್ನು ಪರೀಕ್ಷೆಗೆ ಕೊಟ್ಟೆ. ಮಲದ ಬ್ಯಾಕ್ಟೀರಿಯಾ ಇತ್ತು. ಡಾಕ್ಟರಿಗೆ ತೋರಿಸಿದರೆ, "ಇದರಿಂದಲೇ ಬಂತು ಅಂತ ಖಚಿತವಾಗಿ ಹೇಳಕ್ಕಾಗಲ್ಲ. ಆದ್ರೆ ಈ ನೀರು ಕುಡೀಬೇಡಿ" ಅಂದರು. ಆ ಮೊದಲ ವಾಕ್ಯವನ್ನು ಕೆಲವು ದಿನ ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಓಡಾಡಿದೆ. ಕೊನೆಗೆ ಮಾವನಿಗೆ ಹೇಳಿದೆ. ಅವರು ಬೈಯಲಿಲ್ಲ. ಟ್ಯಾಂಕರ್ ವಾಪಸ್ ಕಳಿಸಿದರು, ಗುಂಡಿಗೆ ಸುಣ್ಣ ಹಾಕಿ ಮಣ್ಣು ಮುಚ್ಚಿಸಿದರು. "ಆಸೆ ಬಿದ್ದಿದ್ದು ನಾನಲ್ವಾ. ಪವಿತ್ರಂಗೆ ಯೋಳ್ಬ್ಯಾಡ ಬಿಡು, ಈಗ್ಲೇ ನೊಂದವ್ಳೆ" ಅಂದರು.

ನನಗೆ ಬೇಕಾಗಿದ್ದೂ ಅದೇ ಅಪ್ಪಣೆ.

ತಾಯಿ ಮಗು ಇಬ್ಬರೂ ಮನೆಗೆ ಬಂದರು. ಒಂದು ಮಧ್ಯಾಹ್ನ ಕಾಯಿಸಿ ಆರಿಸಿದ ಕ್ಯಾನ್ ನೀರು ಹಿಡಿದು ಕೋಣೆಗೆ ಹೋದಾಗ ಪವಿತ್ರ ಮಗುವಿನ ಹತ್ತಿರ ಮಾತಾಡುತ್ತಿದ್ದಳು. "ನಿಮ್ಮಮ್ಮ ಪಾಪಿ ಕಣೇ. ನಾಲ್ಗೆ ಚಪಲಕ್ಕೆ ನಿನ್ನ ಇಷ್ಟೇ ಇಷ್ಟು ಮಾಡಿಬಿಟ್ಲು."

ಬಾಗಿಲಲ್ಲೇ ನಿಂತು ಹೇಳಿದೆ. ನಾನು ಹಾಕ್ಸಿ ಅಂದದ್ದು, ಗುಂಡಿ, ಮಳೆ, ಬೋರು, ನೀರಿನ ಪರೀಕ್ಷೆ. ಡಾಕ್ಟರ್ ಹೇಳಿದ ಎರಡೂ ವಾಕ್ಯ.

ಅವಳು ಮಗುವನ್ನು ಎದೆಗೆ ಒತ್ತಿಕೊಂಡು ಆ ಕಡೆ ತಿರುಗಿದಳು. ದೀಪ ಹಚ್ಚುವ ಹೊತ್ತಿಗೆ ಅವಳೇ ಕರೆದಳು.

"ನೀರಿನ ವಿಷ್ಯ ಗೊತ್ತಾಗ್ಲಿಲ್ಲ, ಆಯ್ತು. ಆದ್ರೆ ದಿನಾ ಬಂದು ನನ್ ತಲೆ ಬಾಚ್ತಿದ್ರಲ್ಲ ಅತ್ಗೆ. ಅಮ್ಮ ಬೈತಿದ್ರೆ ಕೇಳಿಸ್ಕೊಂಡು ಸುಮ್ನೆ ಇದ್ರಲ್ಲ."



ಮಗು ಅಳತೊಡಗಿತು. ಪವಿತ್ರಳಿಗೆ ಇನ್ನೂ ಎತ್ತಿಕೊಂಡು ಓಡಾಡುವ ಶಕ್ತಿ ಇರಲಿಲ್ಲ. ನನ್ನ ಕೈಗಳ ಕಡೆ ನೋಡಿದಳು.

"ಕೈ ತೊಳ್ಕೊಂಡ್ ಬನ್ನಿ" ಅಂದಳು. "ಸೋಪ್ ಹಾಕಿ."

ಮೊಣಕೈವರೆಗೂ ತೊಳೆದು ಬಂದೆ. ಅವಳು ನನ್ನ ಎರಡೂ ಕೈ ಹಿಡಿದು, ತಿರುಗಿಸಿ ನೋಡಿ, ಆಮೇಲೆ ಮಗುವನ್ನು ಕೊಟ್ಟಳು.