ಜುಗೂಳದ ಮನೆಯಲ್ಲಿ ಒಂದು ಕಪ್ಪು ನೀರು

ಚಿಕ್ಕೋಡಿ–ಕೊಲ್ಲಾಪುರ ದಾರಿಯಲ್ಲಿ ಬಸ್ಸು ಓಡಿಸಿದವರು ಬಹಳ ಮಂದಿ ಇದ್ದಾರೆ. ಆದರೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಅರ್ಧ ಹಗಲು ಸಿಕ್ಕಿಬಿದ್ದರೂ ಬಾಯಿಂದ ಒಂದು ಕೆಟ್ಟ ಮಾತು ಬಾರದ ಚಾಲಕರು ಯಾರೆಂದು ಕೇಳಿದರೆ, ನಿಪ್ಪಾಣಿ ನಿಲ್ದಾಣದ ಹಣ್ಣಿನ ಗಾಡಿಯವರಿಂದ ಹಿಡಿದು ಚಿಕ್ಕೋಡಿ ಕೋರ್ಟಿನ ವಕೀಲರವರೆಗೆ ಎಲ್ಲರೂ ಹೇಳುವ ಹೆಸರು ಒಂದೇ: ಶ್ರೀ ಬಾಪುಸಾಹೇಬ ಸಮುವೇಲ ಆವಳೆ. ದೀಕ್ಷಾಸ್ನಾನಕ್ಕೆ ಮೊದಲು ಆ ಬಾಯಿಂದ ಧಾರಾಳವಾಗಿಯೇ ಕೆಟ್ಟ ಮಾತು ಬರುತ್ತಿತ್ತು ಎಂಬುದನ್ನೂ ಇಲ್ಲೇ ಹೇಳಿಬಿಡುವುದು ಲೇಸು. ಅಭಿನಂದನ ಗ್ರಂಥವೆಂದ ಮಾತ್ರಕ್ಕೆ ಸುಳ್ಳು ಬರೆಯಬೇಕಾಗಿಲ್ಲ; ಬರೆದರೆ ಮೊದಲು ಹರಿದು ಹಾಕುವವರು ಅವರ ಧರ್ಮಪತ್ನಿ ಶ್ರೀಮತಿ ಕಾಂಚನ ಅವರೇ.

ಸ್ಟಿಯರಿಂಗ್ ಹಿಡಿದ ಆ ಕೈಗಳೇ ಚಿಕ್ಕೋಡಿಯಲ್ಲಿ ಒಂದು ಸಭೆಯನ್ನೂ ನಡೆಸಿದವು. ಕಡೆಯ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ, ಜನರ ಬಾಯಲ್ಲಿ ಮಾರ್ಮನ್ ಸಭೆ, ನಮ್ಮೂರಿನಲ್ಲಿ ಟೈರ್ ಅಂಗಡಿಯ ಮೇಲಿನ ಬಾಡಿಗೆ ಹಾಲ್‌ನಲ್ಲಿ ಸೇರುತ್ತದೆ. ಇಲ್ಲಿ ಸಂಬಳದ ಪಾದ್ರಿ ಇಲ್ಲ. ಶನಿವಾರ ಬಸ್ಸು ಓಡಿಸಿದವರೇ ಭಾನುವಾರ ಶಾಖೆಯ ಅಧ್ಯಕ್ಷರು. ಬಟ್ಟೆ ಹೊಲಿಯುವವರೇ ಪಾಠ ಹೇಳುವವರು. ಪಾವ್ ರೊಟ್ಟಿಯ ತುಂಡು ಮತ್ತು ಪುಟ್ಟ ಕಪ್ಪಿನಲ್ಲಿ ನೀರು, ಇಷ್ಟೇ ಇಲ್ಲಿಯ ಪ್ರಭುಭೋಜನ. ತಿಂಗಳ ಮೊದಲ ಭಾನುವಾರ ಉಪವಾಸ. ಉಳಿದ ಊಟ ಹಸಿದವರ ಮನೆಗೆ. ಸೋಮವಾರ ಸಂಜೆ ಟಿ.ವಿ. ಆರಿಸಿ ಮನೆಮಂದಿಯೆಲ್ಲ ಕೂಡಿ ಕೂರಬೇಕು. ಸೆರೆ, ತಂಬಾಕು, ಕಾಫಿ, ಚಹಾ ನಾಲ್ಕೂ ವರ್ಜ್ಯ. ತಂಬಾಕಿನ ಘಾಟಿನಲ್ಲೇ ಬೆಳಗಾಗುವ ನಿಪ್ಪಾಣಿಯ ಪಕ್ಕದಲ್ಲಿ, ಚಹಾ ಬಾರದೆ ಮಾತೇ ಆರಂಭವಾಗದ ಈ ಸೀಮೆಯಲ್ಲಿ, ಇಂಥ ಸಭೆಗೆ ಹನ್ನೆರಡು ವರ್ಷ ಅಧ್ಯಕ್ಷರಾಗಿ, ಎಪ್ಪತ್ತು ತುಂಬಿದ ಈ ವರ್ಷ ಗೌರವದಿಂದ ಬಿಡುಗಡೆ ಹೊಂದಿದವರು ಬಾಪುಸಾಹೇಬರು.

ಅವರು ಈ ಸಭೆಗೆ ಬಂದದ್ದು ಬಸ್ಸು ಕೆಟ್ಟದ್ದರಿಂದ. ನಿಪ್ಪಾಣಿ ದಾಟಿದ ಮೇಲೆ ಏರಿನಲ್ಲಿ ಗಾಡಿ ನಿಂತಿತು. ಗಂಡಸರೆಲ್ಲ ಕೆಳಗಿಳಿದು ಬೀಡಿ ಹಚ್ಚಿದರೇ ಹೊರತು ಗಾಡಿಗೆ ಕೈ ಹಚ್ಚಲಿಲ್ಲ. ಬಿಳಿ ಅಂಗಿ, ಟೈ, ಎದೆಯ ಮೇಲೆ ಹೆಸರಿನ ಫಲಕ ಹಾಕಿಕೊಂಡ ಇಬ್ಬರು ತರುಣ ಪ್ರಚಾರಕರು ಮಾತ್ರ ಬೂಟು ಕೆಸರಿನಲ್ಲಿ ಹುಗಿಯುವವರೆಗೆ ನೂಕಿದರು. ಗಾಡಿ ಚಾಲೂ ಆಯಿತು, ಒಬ್ಬನ ಟೈ ಗ್ರೀಸಿನಲ್ಲಿ ಅದ್ದಿ ಹೋಗಿತ್ತು. ಬಾಪುಸಾಹೇಬರು ಅದನ್ನು ಮನೆಗೆ ಒಯ್ದು ಸೀಮೆಎಣ್ಣೆಯಲ್ಲಿ ತೊಳೆದು ಮರಳಿಸಲು ಅವರ ಸಭೆಗೆ ಹೋದರು. ಹೋದವರು ಅಲ್ಲಿಯೇ ಕೂತರು. ಮರುವರ್ಷ ದಂಪತಿಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ಇದು ಕೃಷ್ಣೆಯ ದಂಡೆಯ ಜುಗೂಳದಲ್ಲಿದ್ದ ಅಣ್ಣ ಬಾಳಾಸಾಬರಿಗೆ ಹಿಡಿಸಲಿಲ್ಲ. ಆವಳೆಯವರದು ಮೂರು ತಲೆಮಾರಿನ ಕ್ರೈಸ್ತ ಮನೆತನ. ತಂದೆ ಸಮುವೇಲಪ್ಪನವರು ಕಲ್ಲು ಹೊತ್ತು ಕಟ್ಟಿದ ಹಳೆಯ ದೇವಾಲಯದ ಗಂಟೆಯನ್ನು ಇಂದಿಗೂ ಬಾಳಾಸಾಬರೇ ಬಾರಿಸುತ್ತಾರೆ. "ಅಪ್ಪ ಕಟ್ಟಿದ ಗುಡಿ ಸಾಲಲಿಲ್ಲೇನಲೇ ನಿನಗ?" ಎಂದು ಒಮ್ಮೆ ಕೇಳಿ ಸುಮ್ಮನಾಗಿದ್ದರು. ಸುಮ್ಮನಿರಲಾಗದ ಪ್ರಸಂಗ ಬಂದದ್ದು ಬಾಳಾಸಾಬರ ಮಗಳು ಪ್ರಾಜಕ್ತಾಳನ್ನು ನೋಡಲು ಅಥಣಿಯಿಂದ ಬೀಗರು ಬಂದ ದಿನ.

ನಮ್ಮ ಕಡೆ ಹೆಣ್ಣು ನೋಡುವುದೆಂದರೆ ಅವಲಕ್ಕಿ, ಆ ಮೇಲೆ ಚಹಾ. ಚಹಾದ ತಟ್ಟೆಯನ್ನು ಹುಡುಗಿಯೇ ಹಿಡಿದು ಬರಬೇಕು. ಪ್ರಾಜಕ್ತಾ ತಂದಳು. ಗಂಡಿನ ತಂದೆ ದೊಡ್ಡಸ್ತಿಕೆಯಿಂದ ಹುಡುಗಿಯ ಚಿಕ್ಕಪ್ಪನಿಗೆ, "ಮೊದಲ ಕಾಕಾ ತಗೋಳ್ರಿ" ಎಂದರು. ಬಾಪುಸಾಹೇಬರಿಗೆ ದೀಕ್ಷೆಯ ಹೊಸ ಹುರುಪು. ತಮ್ಮ ಮುಂದಿಟ್ಟ ಕಪ್ಪಿನ ಮೇಲೆ ಅಂಗೈ ಮುಚ್ಚಿದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಶರೀರವು ದೇವರ ಆಲಯ, ಅದರೊಳಗೆ ಚಹಾ ಹೊಯ್ಯುವುದು ಸಲ್ಲದು ಎಂದು ಬೀಗರ ಕೈಯಲ್ಲಿನ ಚಹಾ ಆರುವವರೆಗೆ ಉಪದೇಶ ಮಾಡಿದರು.

ಗಂಡಿನ ತಾಯಿ ಕಪ್ಪು ಕೆಳಗಿಟ್ಟರು. "ಸ್ವಂತ ಕಾಕಾನ ಈ ಹುಡಗಿ ಕೈಯಾಗಿಂದ ಒಲ್ಲೆ ಅಂತಾನ. ನಾವ್ಯಾಕ ಕುಡಿಯೋಣ್ರಿ?"

ಅವರು ಎದ್ದು ಹೋದ ಮೇಲೆ ಬಾಳಾಸಾಬರು ಕೂಗಾಡಲಿಲ್ಲ. ತಮ್ಮನ ಮುಂದಿದ್ದ ಮುಟ್ಟದ ಕಪ್ಪನ್ನು ತೋರಿಸಿ ಹೇಳಿದರು: "ನಮ್ಮಪ್ಪಗ ಹೋಟೆಲದಾಗ ಕಪ್ಪು ಬ್ಯಾರೆ ಇಡತಿದ್ರು. ಹೊರಗ ಗ್ವಾಡಿಗೆ ಸಿಗಸತಿದ್ರು, ತಾನ ತೊಳಕೊಂಡ ಕುಡೀಬೇಕಿತ್ತು. ಅಂವ ಸತ್ತ, ಆ ಕಪ್ಪು ಹೋತು ಅಂದಕೊಂಡಿದ್ದೆ. ಇವತ್ತ ನನ್ನ ಮನಿ ಕಪ್ಪು ನೀ ಮುಟ್ಟಲಿಲ್ಲ. ನಡಿ ಹೊರಗ."

ಬಾಪುಸಾಹೇಬರು ಆ ಅರ್ಥವನ್ನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಆದರೂ ತಾವು ನಿಯಮ ಪಾಲಿಸಿದ್ದೇವೆ, ತಪ್ಪು ತಮ್ಮದಲ್ಲ ಎಂಬ ಬಿಗುಮಾನದಲ್ಲಿ ಹೊಸ್ತಿಲು ದಾಟಿದರು. ಅಣ್ಣತಮ್ಮಂದಿರ ಮಾತು ನಿಂತಿತು. ಜುಗೂಳದ ಕಡೆಗೆ ಡ್ಯೂಟಿ ಬಿದ್ದರೆ ಬದಲಿ ಕೇಳಿಕೊಳ್ಳುವಷ್ಟು ನಿಂತಿತು.

ಹೀಗೆ ವರ್ಷಗಳು ಹೋದ ಮೇಲೆ ಬೆಂಗಳೂರಿನಿಂದ ಬಂದ ಸಭೆಯ ಹಿರಿಯರು ಚಿಕ್ಕೋಡಿ ಶಾಖೆಗೆ ಬಾಪುಸಾಹೇಬರನ್ನು ಅಧ್ಯಕ್ಷರೆಂದು ಸೂಚಿಸಿದರು. ಈ ಸಭೆಯಲ್ಲಿ ಒಂದು ಪದ್ಧತಿಯುಂಟು. ಯಾರಿಗೆ ಯಾವ ಸೇವೆ ಒಪ್ಪಿಸಿದರೂ ಎಲ್ಲರೆದುರು ಹೆಸರು ಹೇಳಿ, ಸಮ್ಮತಿಸುವವರು ಬಲಗೈ ಎತ್ತಬೇಕೆಂದು ಕೇಳುತ್ತಾರೆ. ಅನಂತರ, ಸಮ್ಮತಿಯಿಲ್ಲದವರು ಯಾರಾದರೂ ಇದ್ದರೆ ಅವರೂ ಕೈ ಎತ್ತಲಿ ಎನ್ನುತ್ತಾರೆ. ಎರಡನೆಯ ಪ್ರಶ್ನೆಗೆ ಯಾರೂ ಕೈ ಎತ್ತುವುದಿಲ್ಲ. ಕೇಳುವವರೂ ಮುಂದಿನ ಹಾಳೆ ತಿರುವುತ್ತಲೇ ಕೇಳುತ್ತಾರೆ.

ಆ ಭಾನುವಾರ ಒಂದು ಕೈ ಮೇಲೆದ್ದಿತು. ಎತ್ತಿದವರು ಕಾಂಚನ ಬಾಯಿಯವರು.

ಬಾಪುಸಾಹೇಬರು, ಪಕ್ಕದಲ್ಲಿದ್ದ ಹೆಂಡತಿಯ ಕೈಯನ್ನು ಯಾರದೋ ಕೈ ಎಂಬಂತೆ ನೋಡಿದರು. ಕ್ರಮದ ಪ್ರಕಾರ ಹಿರಿಯರು ಸಭೆ ಮುಗಿಸಿ, ದಂಪತಿಗಳನ್ನು ಒಳಗಿನ ಕೋಣೆಗೆ ಕರೆದು ಕಾರಣ ಕೇಳಿದರು.

"ಇವರು ಕೆಟ್ಟವರಲ್ರಿ," ಎಂದರು ಕಾಂಚನ ಬಾಯಿ. "ಪ್ರಾರ್ಥನಾ ತಪ್ಪಸಂಗಿಲ್ಲ, ಉಪಾಸ ತಪ್ಪಸಂಗಿಲ್ಲ. ಆದರ ಅಧ್ಯಕ್ಷರಾದ ಮ್ಯಾಲ ಗಂಡ ಹೆಂಡತಿ ಜಗಳ, ಅಣ್ಣತಮ್ಮರ ಜಗಳ ಎಲ್ಲಾ ಇವರ ಮುಂದ ಬರತಾವ ಹೌದಲ್ರಿ? ಸ್ವಂತ ಅಣ್ಣನ ಮಾರಿ ನೋಡಲಾರದಾಂವ ಮಂದಿಗೆ ಏನ ಹೇಳ್ತಾನ್ರಿ? ಅಲ್ಲಿಗೆ ಹೋಗಿ ಬರಲಿ. ನಾ ಕೈ ಇಳಸ್ತೀನಿ."

"ಮನ್ಯಾಗ ಹೇಳಬಾರದೇನ ಇದನ್ನ?" ಎಂದರು ಬಾಪುಸಾಹೇಬರು.

"ಮನ್ಯಾಗ ಹೇಳಿ ಹೇಳಿ ನನ್ನ ಬಾಯಿ ನೊಂದೈತಿ. ಕೈ ಒಂದ ಉಳಿದಿತ್ತು."

ಹಿರಿಯರು ನಗು ತಡೆದುಕೊಂಡು ಮುಂದಿನ ಭಾನುವಾರದವರೆಗೆ ಅವಕಾಶ ಕೊಟ್ಟರು. ಬಾಪುಸಾಹೇಬರಿಗೆ ಪದವಿಯ ಚಿಂತೆ ಹೆಚ್ಚಾಗಿರಲಿಲ್ಲ. ಆ ಕೈ ಎದ್ದ ಕ್ಷಣದಿಂದ ಅಣ್ಣನ ಮಾತು ಕಿವಿಯಲ್ಲಿ ಹೊಸದಾಗಿ ಕೇಳತೊಡಗಿತ್ತು. ಅಣ್ಣನ ಮನೆಗೆ ಹೋದರೆ ಚಹಾ ಬರುತ್ತದೆ. ಕುಡಿದರೆ ದೇವರಿಗೆ ಕೊಟ್ಟ ಮಾತು ಹೋಯಿತು. ಕುಡಿಯದಿದ್ದರೆ ಅಣ್ಣ ಮತ್ತೊಮ್ಮೆ, ಈ ಸಲ ಶಾಶ್ವತವಾಗಿ ಹೋದ.

ದಾರಿ ತೋರಿಸಿದವರು ಅವರ ಬಸ್ಸಿನ ಕಂಡಕ್ಟರ್ ಮಲಿಕಸಾಬರು. ಕೊಲ್ಲಾಪುರ ನಿಲ್ದಾಣದಲ್ಲಿ ಸಾಸರಿನಲ್ಲಿ, ನಮ್ಮ ಕಡೆಯ ಬಶಿಯಲ್ಲಿ, ಚಹಾ ಆರಿಸಿಕೊಳ್ಳುತ್ತ ಕೂತಿದ್ದ ಅವರನ್ನು ಬಾಪುಸಾಹೇಬರು ಕೇಳಿದರು: "ರಮಜಾನದಾಗ ರೋಜಾ ಇದ್ದಾಗ ಯಾರರ ಚಹಾ ತಂದ ಇಟ್ರ ಏನ ಮಾಡ್ತಿ?"

"ಎದಿ ಮ್ಯಾಲ ಕೈ ಇಟ್ಟು ‘ರೋಜಾ ಅದಾವ್ರಿ’ ಅಂತೀನಿ. ಅಲ್ಲೇ ಅವರ ಮಗ್ಗಲದಾಗ ಕುಂದ್ರತೀನಿ. ನೀ ಏನ ಮಾಡಿದಿ? ಕಪ್ಪು ಮುಚ್ಚಿದಿ, ಬಾಯಿ ತಗದಿ. ಬಾಯಿ ಮುಚ್ಚೂದಿತ್ತಲೇ ಡ್ರೈವರ್!" ಎಂದು ಬಶಿ ಬರಿದು ಮಾಡಿ, "ನಿನ್ನ ದೇವರು ಬ್ಯಾಡ ಅಂದದ್ದು ಚಹಾ. ಕಪ್ಪು ಬ್ಯಾಡ ಅಂದಾನೇನು?" ಎಂದರು.

ವಾರದ ರಜೆಯ ದಿನ ಬಾಪುಸಾಹೇಬರು ಜುಗೂಳಕ್ಕೆ ಪ್ರಯಾಣಿಕರಾಗಿ ಹೋದರು. ಪಡಸಾಲೆಯಲ್ಲಿ ಕೂತ ಬಾಳಾಸಾಬರು ತಮ್ಮನನ್ನು ನೋಡಿ ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ; ಒಳಗೆ ಮುಖ ಮಾಡಿ, "ಚಹಾ ಇಡು" ಎಂದರಷ್ಟೆ. ತಟ್ಟೆ ಹಿಡಿದು ಬಂದವಳು ಪ್ರಾಜಕ್ತಾಳೇ. ಅಷ್ಟರಲ್ಲಿ ಅವಳು ನರ್ಸಿಂಗ್ ಓದಿ ರಾಯಬಾಗದಲ್ಲಿ ಕೆಲಸಕ್ಕಿದ್ದಳು. ಅಂದು ಮನೆಗೆ ಬಂದಿದ್ದಳು.

ಬಾಳಾಸಾಬರು ಹೇಳಿದರು: "ಕುಡೀತಿದ್ರ ಕುಂದ್ರು. ಇಲ್ಲಾಂದ್ರ ಬಸ್ ಇನ್ನೂ ನಿಂತೈತಿ."

ಬಾಪುಸಾಹೇಬರು ತಮ್ಮ ಕಪ್ಪನ್ನು ಎರಡೂ ಕೈಯಿಂದ ಎತ್ತಿಕೊಂಡರು. ಅದರೊಳಗಿನ ಚಹಾವನ್ನು ಒಂದು ಹನಿ ಚೆಲ್ಲದಂತೆ ಬಶಿಗೆ ಬಗ್ಗಿಸಿ, ಬಶಿಯನ್ನು ಅಣ್ಣನ ಕೈಗೆ ಕೊಟ್ಟರು. ಚಿಕ್ಕಂದಿನಲ್ಲಿ ಒಂದೇ ಚಹಾವನ್ನು ಇಬ್ಬರೂ ಹಾಗೆಯೇ ಹಂಚಿಕೊಳ್ಳುತ್ತಿದ್ದರು: ಬಶಿ ಅಣ್ಣನಿಗೆ, ಕಪ್ಪು ತಮ್ಮನಿಗೆ. ಆ ಮೇಲೆ ಬರಿದಾದ ಕಪ್ಪನ್ನು ಪ್ರಾಜಕ್ತಾಳ ಮುಂದೆ ಹಿಡಿದರು.

"ಇದರಾಗ ನೀರ ಹಾಕವ್ವಾ."

"ತೊಳಕೊಂಡ ಬರ್ತೀನಿ, ತಾ ಕಾಕಾ."

"ತೊಳೀಬ್ಯಾಡ. ನಮ್ಮ ಮನಿ ಕಪ್ಪು."

ಅವಳು ತಂಬಿಗೆಯಿಂದ ನೀರು ಹಾಕಿದಳು. ತಳದಲ್ಲಿ ಉಳಿದ ಚಹಾದ ಬಣ್ಣ ನೀರಿಗೆ ತಾಗಿತ್ತು. ಬಾಪುಸಾಹೇಬರು ಪೂರ್ತಿ ಕುಡಿದು ಕಪ್ಪನ್ನು ಎದೆಯ ಹತ್ತಿರವೇ ಹಿಡಿದುಕೊಂಡು, "ತಪ್ಪಾತು ಅಣ್ಣಾ. ನಿನ್ನ ತಪ್ಪಂತೂ ಇದ್ದಿದ್ದಿಲ್ಲ. ನಿನ್ನ ತಪ್ಪೂ ಅಲ್ಲವ್ವಾ" ಎಂದರು.

ಪ್ರಾಜಕ್ತಾ ಬಿಡಲಿಲ್ಲ. "ಆ ಹುಡುಗ ನನಗ ಮೊದಲಿಂದಾನೂ ಸೇರಿದ್ದಿಲ್ಲ, ಅದು ಮುರದದ್ದು ಹೋಗ್ಲಿ. ಆದರ ಅವತ್ತ ನೀವು ಕಪ್ಪು ನೋಡಿದ್ರಿ, ಹಿಡಕೊಂಡಾಕಿನ್ನ ನೋಡಲಿಲ್ಲ ಕಾಕಾ."

ಈ ಮಾತನ್ನು ಬಾಪುಸಾಹೇಬರು ಇಂದಿಗೂ ಎಲ್ಲರೆದುರು ತಾವೇ ಹೇಳಿಕೊಳ್ಳುತ್ತಾರೆ. ಬಾಳಾಸಾಬರು ಬಶಿಯ ಚಹಾವನ್ನು ಸೊರ್ರೆಂದು ಎಳೆದು, ಮೀಸೆ ಒರೆಸಿಕೊಂಡು ತೀರ್ಪು ಕೊಟ್ಟರು: "ಹುಚ್ಚಪ್ಯಾಲಿ! ಇಷ್ಟ ಮಾಡಾಕ ಇಷ್ಟ ವರ್ಷ ಬೇಕಾತೇನಲೇ ನಿನಗ? ಬೆಲ್ಲ ತಾರವ್ವಾ, ಬರೇ ನೀರ ಕುಡದಾನ."

ಮುಂದಿನ ಭಾನುವಾರ ಮತ್ತೆ ಹೆಸರು ಓದಿದರು. ಎರಡನೆಯ ಪ್ರಶ್ನೆ ಬಂದಾಗ ಇಡೀ ಸಭೆ ಕಾಂಚನ ಬಾಯಿಯವರತ್ತ ತಿರುಗಿತು. ಅವರು ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು, "ಈ ಸಲ ಇಲ್ರಿ. ಮುಂದ ನೋಡೂಣು" ಎಂದರು. ಚಹಾದ ಬಣ್ಣ ತಾಗಿದ ನೀರು ನಿಯಮಕ್ಕೆ ಸಲ್ಲುತ್ತದೆಯೇ ಎಂದು ಒಬ್ಬ ಸದಸ್ಯರು ಗಂಭೀರವಾಗಿ ಎತ್ತಿದ ಸಂದೇಹಕ್ಕೆ, ಬೆಂಗಳೂರಿನ ಹಿರಿಯರು "ಅಂಥ ಅಣ್ಣನ ಮನೆಗೆ ನೀವೂ ಒಮ್ಮೆ ಹೋಗಿ ಬನ್ನಿ, ಆ ಮೇಲೆ ಕೇಳಿ" ಎಂದು ಹೇಳಿ ಪುಸ್ತಕ ಮುಚ್ಚಿದರಂತೆ.

ಅಂದಿನಿಂದ ಅವರು ನಡೆಸಿದ ಸೇವೆಯನ್ನು ಹೇಗೆ ಹೇಳುವುದು? ನಿಪ್ಪಾಣಿಯ ತಂಬಾಕಿನ ಗೋದಾಮುಗಳಲ್ಲಿ ದುಡಿಯುವ ತಾಯಂದಿರು ಸಭೆಗೆ ಬಂದರೆ, "ಕೆಲಸ ಬಿಡ್ರಿ" ಎಂದು ಅವರು ಉಪದೇಶಿಸಲಿಲ್ಲ. ಅವರ ಕೆಮ್ಮಿಗೆ ವೈದ್ಯರನ್ನು ಹುಡುಕಿಕೊಟ್ಟರು. ಉಪವಾಸದ ಭಾನುವಾರ ತಾವೇ ಬುಟ್ಟಿ ಹೊತ್ತು ರೊಟ್ಟಿ ಮುಟ್ಟಿಸಿದರು. ಜಗಳವಾಡಿದ ಗಂಡಹೆಂಡಿರ ಮನೆಗೆ ಸೋಮವಾರ ಸಂಜೆ ಕಾಂಚನ ಬಾಯಿಯವರೊಡನೆ ಹೋಗಿ, ಅವರ ಮಕ್ಕಳೊಡನೆ ಹಾಡು ಹಾಡಿ, ಜಗಳದ ಸುದ್ದಿಯನ್ನೇ ಎತ್ತದೆ ಬರುತ್ತಿದ್ದರು; ಎಷ್ಟೋ ಜಗಳಗಳು ನಾಚಿಕೊಂಡೇ ಮುಗಿದವು. ಕೃಷ್ಣೆ ಉಕ್ಕಿ ಜುಗೂಳದ ಓಣಿಗೆ ನೀರು ನುಗ್ಗಿದ ಮಳೆಗಾಲದಲ್ಲಿ ಅಣ್ಣನ ಹಳೆಯ ಸಭೆಯವರನ್ನೆಲ್ಲ ಟೈರ್ ಅಂಗಡಿಯ ಮೇಲಿನ ಹಾಲಿಗೆ ಕರೆತಂದರು. ಭಾನುವಾರ ಬೆಳಗ್ಗೆ ಅವರ ಹಾಡು, ಮಧ್ಯಾಹ್ನ ಇವರ ಹಾಡು. ಒಲೆಯ ಮೇಲೆ ಅವರ ಚಹಾ, ಪಕ್ಕದಲ್ಲಿ ಇವರ ನೀರು. ಅವರಿಗಾಗಿ ಆ ಚಹಾ ಇಟ್ಟವರು ಸ್ವತಃ ಬಾಪುಸಾಹೇಬರು. ಸಕ್ಕರೆ ಹೆಚ್ಚಾಗಿತ್ತೆಂಬ ದೂರು ಇಂದಿಗೂ ಇದೆ. ರುಚಿ ನೋಡುವಂತಿಲ್ಲದವರು ಇಟ್ಟ ಚಹಾ ಮತ್ತೆ ಹೇಗಿದ್ದೀತು?

ಮುಂದೆ ಪ್ರಾಜಕ್ತಾ ತಾನೇ ಮೆಚ್ಚಿದ ಹುಡುಗನ ಮನೆಯವರು ಕಾಗವಾಡದಿಂದ ಬಂದಾಗ, ಅವಳು ಹಿಡಿದು ತಂದ ತಟ್ಟೆಯಲ್ಲಿ ಒಂದು ಕಪ್ಪು ನೀರೂ ಇತ್ತು. ಬಾಪುಸಾಹೇಬರು ಮೊದಲು ಅವಳ ಮುಖ ನೋಡಿ, ಆ ಮೇಲೆ ಕಪ್ಪು ಎತ್ತಿಕೊಂಡರು. ಇಂದು ನಮ್ಮ ಶಾಖೆಯವರು ಯಾರ ಮನೆಗೆ ಹೋದರೂ ಲೋಟ ಕೇಳುವುದಿಲ್ಲ, ಚಹಾದ ಕಪ್ಪಿನಲ್ಲೇ ನೀರು ಕೇಳುತ್ತಾರೆ. ಚಿಕ್ಕೋಡಿಯಲ್ಲಿ ಇದು ಈಗ ಎಲ್ಲರಿಗೂ ಗೊತ್ತು.

ಕಳೆದ ತಿಂಗಳು ಬಿಡುಗಡೆಯ ಭಾನುವಾರ. ಈ ಸಂದರ್ಭದಲ್ಲಿ ಕೇಳುವುದು ಒಂದೇ ಪ್ರಶ್ನೆ: ಇವರ ಸೇವೆಗೆ ಕೃತಜ್ಞರಾಗಿರುವವರು ಕೈ ಎತ್ತಬಹುದು. ಮೊದಲು ಎದ್ದದ್ದು ಕಾಂಚನ ಬಾಯಿಯವರ ಕೈ. ಎಲ್ಲ ಕೈಗಳೂ ಎದ್ದು ಇಳಿದವು. ಹಿಂದಿನ ಸಾಲಿನಲ್ಲಿ ಒಂದು ಮಾತ್ರ, ಹಿಡಿದ ಊರುಗೋಲಿನ ಸಮೇತ ಮೇಲೆಯೇ ಇತ್ತು. ಸಭೆಗೆ ಸೇರದ, ಸೇರುವ ವಿಚಾರವೂ ಇಲ್ಲದ ಬಾಳಾಸಾಬರು ತಮ್ಮ ದೇವಾಲಯದ ಗಂಟೆ ಬಾರಿಸಿ, ಬಸ್ಸು ಹಿಡಿದು ಬಂದಿದ್ದರು.

ಕಾಂಚನ ಬಾಯಿ ಹಿಂದೆ ತಿರುಗಿ ಪಿಸುಗುಟ್ಟಿದರು: "ಭಾವಾರ, ಮುಗೀತ್ರಿ. ಕೈ ಇಳಸ್ರಿ."

"ಇರಲಿ ತಡೀ," ಎಂದರು ಬಾಳಾಸಾಬರು, ಇಡೀ ಹಾಲಿಗೆ ಕೇಳುವಂತೆ. "ಅವತ್ತ ನೀ ಎತ್ತಿದ್ದಿಯಲ್ಲಾ ಒಂದ ಕೈ, ಅದಕ್ಕೂ ಸೇರಿಸಿ ಎತ್ತೇನಿ."

ಬಾಪುಸಾಹೇಬರು ಇನ್ನು ಮುಂದೆ ಮಕ್ಕಳ ತರಗತಿಗೆ ಪಾಠ ಹೇಳಲಿದ್ದಾರೆ. ಕುರ್ಚಿ ಹಾಕುವ ಕೆಲಸವನ್ನು ತಾವಾಗಿಯೇ ಬೇಡಿ ಪಡೆದಿದ್ದಾರೆ. ಅವರ ಕಾಲಿಗೆ ಬಲವಿರಲಿ, ಆಯುಷ್ಯ ದೀರ್ಘವಾಗಿರಲಿ, ಅವರೆದುರು ಕೈ ಎತ್ತಬಲ್ಲ ಕಾಂಚನ ಬಾಯಿಯವರ ಆಯುಷ್ಯ ಅದಕ್ಕಿಂತ ಒಂದು ಕೈ ಹೆಚ್ಚಾಗಿಯೇ ಇರಲಿ. ಈ ಗ್ರಂಥ ಬಿಡುಗಡೆಯಾಗುವ ದಿನ, ಊರ ಪದ್ಧತಿಯಂತೆ, ಬಂದವರೆಲ್ಲರಿಗೂ ಚಹಾ ಇದೆ. ತಟ್ಟೆ ಹಿಡಿದು ಬರುವವಳು ಪ್ರಾಜಕ್ತಾ. ವೇದಿಕೆಯ ಮೇಲೆ ಅಣ್ಣನ ಕಪ್ಪಿನಲ್ಲಿ ಚಹಾ ಇರುತ್ತದೆ, ತಮ್ಮನ ಕಪ್ಪಿನಲ್ಲಿ ನೀರು ಇರುತ್ತದೆ. ಕಪ್ಪು ಮಾತ್ರ ಎಲ್ಲರದೂ ಒಂದೇ ನಮೂನೆಯದು.