ಓದಕ್ಕನ ದನಿ

ಅಚ್ಚುಕೂಟದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಓದಕ್ಕ ಅಂತಲೇ. ಕೆಲಸವೂ ಅದೇ: ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುವುದು. ಎದುರಿಗೆ ಕೂತ ಕರಡು ತಿದ್ದುವವರು ಅಚ್ಚಾದ ಹಾಳೆಯ ಮೇಲೆ ಬೆರಳಾಡಿಸುತ್ತ ತಪ್ಪು ಹಿಡಿಯುತ್ತಿದ್ದರು. ಅಲ್ಪವಿರಾಮ, ಪೂರ್ಣವಿರಾಮಗಳನ್ನೂ ಬಾಯಿಬಿಟ್ಟು ಹೇಳಬೇಕು. ಯಂತ್ರಗಳ ಗದ್ದಲವನ್ನೂ ಮೀರಿಸುವ ದನಿ ಅವಳದು. ಕಂಪ್ಯೂಟರ್ ಬಂತು, ಓದಕ್ಕ ಮನೆಗೆ ಬಂದಳು.

ಮನೆ ಅಂದರೆ ಮಹಡಿಯ ಮೇಲಿನ ಒಂದು ಕೋಣೆ. ಮದುವೆಯಾಗಿರಲಿಲ್ಲ. ತಂಗಿ ದೂರದೂರಿನಲ್ಲಿ, ಅವಳ ಸಂಸಾರ ಅವಳಿಗೆ. ಹಾಲಿನ ಪ್ಯಾಕೆಟ್ಟು ಬಾಗಿಲಿಗೇ ಬೀಳುತ್ತಿತ್ತು. ಅಂಗಡಿಯಲ್ಲಿ ಬೇಕಾದ್ದನ್ನು ಬುಟ್ಟಿಗೆ ಹಾಕಿಕೊಂಡರಾಯಿತು. ತುಟಿ ಎರಡು ಮಾಡದೆ ವಾರಗಳೇ ಕಳೆಯುತ್ತಿದ್ದವು.

ಒಂದು ದಿನ ಬಸ್ಸಿನಲ್ಲಿ "ಇಳೀಬೇಕು" ಎಂದಳು. ಕಂಡಕ್ಟರಿಗೆ ಕೇಳಿಸಲಿಲ್ಲ. ಕೂಗಿದಳು, ಬಂದದ್ದು ಬರೀ ಗಾಳಿ.

ಗಂಟಲ ಡಾಕ್ಟರು ಕೊಳವೆ ಇಳಿಸಿ ನೋಡಿದರು. "ಧ್ವನಿತಂತುಗಳು ಸೊರಗಿವೆ. ಅಟ್ರೊಫಿ ಅಂತೀವಿ."

"ಟ್ರೋಫಿನಾ? ಈ ವಯಸ್ಸಲ್ಲಿ ನನಗ್ಯಾರಪ್ಪ ಕಪ್ ಕೊಟ್ಟೋರು?"

ಡಾಕ್ಟರು ನಕ್ಕುಬಿಟ್ಟರು. "ಆ ಟ್ರೋಫಿ ಬೇರೆ. ಇದು ಗ್ರೀಕ್ ಮಾತು, ಪೋಷಣೆ ಅಂತ ಅರ್ಥ. ಮುಂದಿನ 'ಅ' ನಮ್ಮ 'ಅ' ಥರಾನೇ, ಶಾಂತಿ, ಅಶಾಂತಿ. ಪೋಷಣೆ ಇಲ್ಲದ್ದು. ವಯಸ್ಸಿಗೆ ಸ್ವಲ್ಪ ಸಹಜ. ಬಳಸದಿದ್ರೆ ಇನ್ನೂ ಜಾಸ್ತಿ. ಮನೇಲಿ ಯಾರ ಹತ್ರ ಮಾತಾಡ್ತೀರಿ?"

ಅವಳು ಕೈಚೀಲ ಎತ್ತಿಕೊಂಡಳು.

"ದಿನಾ ಗಟ್ಟಿಯಾಗಿ ಓದಿ," ಎಂದರು ಡಾಕ್ಟರು, ಮೆಲ್ಲಗೆ.

ಅಂದಿನಿಂದ ಸಂಜೆಹೊತ್ತು ಪೇಪರನ್ನು ಗೋಡೆಗೆ ಓದಿ ಹೇಳತೊಡಗಿದಳು. ಮೊದಮೊದಲು ನಾಚಿಕೆ. ಬರಬರುತ್ತ ದನಿ ಕುದುರಿತು. ಒಂದು ಸಂಜೆ ಯಾರೋ ಬಾಗಿಲು ತಟ್ಟಿದರು. ಪಕ್ಕದ ಮನೆಯಾಕೆ, ಮೆಟ್ಟಿಲ ಮೇಲೆ ಎದುರಾದರೆ ನಗುವಷ್ಟೇ ಪರಿಚಯ.

"ಮಾತು ಕೇಳಿಸ್ತು. ಯಾರಾದ್ರೂ ಬಂದಿದಾರಾ?"

ಒಬ್ಬಳೇ ಓದುತ್ತಿದ್ದೆ ಅನ್ನಲು ನಾಲಿಗೆ ಏಳಲಿಲ್ಲ. "ಹೂಂ, ನೆಂಟರು."

"ಹಾಗಿದ್ರೆ ಆಮೇಲೆ ಬರ್ತೀನಿ ಬಿಡಿ."

ಆಕೆ ಹೊರಟೇ ಹೋದಳು. ಓದಕ್ಕನಿಗೆ ತನ್ನ ಮೇಲೇ ಸಿಟ್ಟು ಬಂತು. ಅಪರೂಪಕ್ಕೆ ಬಾಗಿಲಿಗೆ ಬಂದವಳನ್ನು, ಇಲ್ಲದ ನೆಂಟರ ನೆಪ ಹೇಳಿ ಸಾಗಹಾಕಿದ್ದಾಯಿತು. ಬೆಳಿಗ್ಗೆ ತಾನೇ ಹೋಗಿ ತಟ್ಟಿದಳು. ಒಳಗೆಲ್ಲ ಹಗ್ಗ ಬಿಗಿದ ಪೆಟ್ಟಿಗೆಗಳು.

"ಮನೆ ಖಾಲಿ ಮಾಡ್ತಿದೀವಿ," ಎಂದಳಾಕೆ. "ಹೇಳಿ ಹೋಗೋಣ ಅಂತ ನಿನ್ನೆ ಬಂದಿದ್ದೆ. ನೆಂಟರು ಹೋದ್ರಾ?"

"ಯಾರೂ ಬಂದಿರಲಿಲ್ಲ. ಪೇಪರ್ ಓದ್ತಿದ್ದೆ."

ಆಕೆ ಪೆಟ್ಟಿಗೆಯೊಂದರ ಧೂಳು ಒರೆಸಿ, "ಕೂತ್ಕೊಳ್ಳಿ," ಎಂದಳು.

ಲಾರಿ ಬರುವವರೆಗೂ ಓದಕ್ಕ ಮಾತಾಡಿದಳು. ಅಚ್ಚುಕೂಟದ ಮಸಿ ವಾಸನೆ, ತಂಗಿಯ ಮೊಂಡಾಟ, ಕಿವುಡು ಕಂಡಕ್ಟರು, ಒಂದೂ ಬಿಡಲಿಲ್ಲ. ಆಕೆ ಪಾತ್ರೆ ಸುತ್ತಿಡುತ್ತ ಹೂಂಗುಟ್ಟಿದಳು, ಎರಡು ಸಲ ಜೋರಾಗಿ ನಕ್ಕಳು.

ಮಧ್ಯಾಹ್ನ ಲಾರಿ ತಿರುವು ದಾಟಿತು. ಮಾತಾಡಿ ಮಾತಾಡಿ ಓದಕ್ಕನ ಗಂಟಲು ಉರಿಯುತ್ತಿತ್ತು. ಬಿಸಿನೀರು ಕಾಸಿ ಕುಡಿದಳು. ಆ ಸಂಜೆ ಪೇಪರು ಮಡಿಸಿದ್ದು ಮಡಿಸಿದಂತೆಯೇ ಇತ್ತು.